ಗಾಳ ಹಿಡಿದ ಯೋಧರು

ಕೆಂಗೇರಿ ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವನನ್ನು ಕಂಡರೆ, ‘ಇವನಿಗೆ ಬೇರೆ ಕೆಲಸವಿಲ್ಲವೇ?’ ಎಂದು ದಾರಿಹೋಕರು ನಕ್ಕಾರು. ಈ ‘ಸೋಮಾರಿಯ ಕಸುಬು’ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ ಮದ್ದಿನ ಜೊತೆಗೆ ಮದ್ದಾಯಿತೆಂದರೆ ನಂಬುವವರೆಷ್ಟು ಮಂದಿ?

ನೌಕಾದಳದ ನಿವೃತ್ತ ಕ್ಯಾಪ್ಟನ್ ಎಡ್ ನಿಕಲ್ಸನ್ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳುತ್ತಿದ್ದರು. ಇರಾಕ್, ಆಫ್ಘಾನಿಸ್ತಾನಗಳ ರಣಭೂಮಿಯಲ್ಲಿ ಕೈಕಾಲು ಕಳೆದುಕೊಂಡ ತರುಣರು ಅಲ್ಲಿದ್ದರು. ತಮಗೆ ಪ್ರಿಯವಾದ ಹವ್ಯಾಸವನ್ನೇ ಅವರಿಗೂ ಕಲಿಸಲೆಂದು ನಿಕಲ್ಸನ್ 2005ರಲ್ಲಿ ‘ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್’ ಆರಂಭಿಸಿದರು. ಮೊದಲ ಪಾಠಗಳು ನಡೆದದ್ದು ನದಿಯಲ್ಲಲ್ಲ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ!

ಈ ಬಗೆಯ ಗಾಳಕ್ಕೆ ಎರೆಹುಳು ಬೇಡ. ಗರಿ, ತುಪ್ಪಳ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಹುಸಿನೊಣವೊಂದನ್ನು ಕಟ್ಟಬೇಕು. ಸೋತ ಬೆರಳುಗಳಿಗೆ ಅದೇ ವ್ಯಾಯಾಮ. ಹಗುರವಾದ ಆ ನೊಣವನ್ನು ದೂರಕ್ಕೊಯ್ಯುವುದು ಗಾಳದ ದಾರದ ತೂಕ. ಬೀಸಿದ ದಾರ ಬೆನ್ನಹಿಂದೆ ನೀಳವಾಗಿ ಚಾಚುವವರೆಗೆ ಅರೆಗಳಿಗೆ ತಡೆದು, ಬಳಿಕ ಮುಂದಕ್ಕೆ ಬೀಸಬೇಕು. ತೋಳ್ಬಲಕ್ಕಿಂತ ತಾಳ್ಮೆಯೇ ಇಲ್ಲಿ ದೊಡ್ಡದು. ಕೃತಕ ಕೈ ಧರಿಸಿದವನಿಗೂ ಇದು ಅಸಾಧ್ಯವಲ್ಲ.

ಈ ಕೆಲಸವನ್ನು ಆ ದೇಶದ ಉದ್ದಗಲಕ್ಕೂ ಹಬ್ಬಿಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಯೋಧನ ಪಕ್ಕದಲ್ಲಿ ನೀರಿಗಿಳಿದು ನಿಲ್ಲುವುದೇ ಅವರ ಸೇವೆ. ಅವನು ಯುದ್ಧದ ಮಾತೆತ್ತಿದರೆ ಕೇಳುತ್ತಾರೆ. ಎತ್ತದಿದ್ದರೆ ಹೊಳೆಯ ಸದ್ದೇ ಸಾಕು. ಅಂಥವರೊಬ್ಬರು ಕಣ್ಮರೆಯಾದಾಗ ಯೋಧರು ನೆನೆಯುವುದು ಅವರು ಹಿಡಿದ ಮೀನಿನ ತೂಕವನ್ನಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದವನ ಬಾಗಿಲಿಗೆ ನಸುಕಿನಲ್ಲೇ ಬಂದು, ‘ಏಳು, ಹೊಳೆಗೆ ಹೋಗೋಣ’ ಎಂದು ಕರೆದ ದನಿಯನ್ನು.