ಹಳೇ ಬಂಗಲೆಗೆ ಬಂದ 170 ಒರಳುಕಲ್ಲು

ಮನೆ ಕೆಡವಿ ಹೊಸದಾಗಿ ಕಟ್ಟಿಸುವಾಗ ಒರಳುಕಲ್ಲನ್ನು ಏನು ಮಾಡುವುದು? ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲೂ ಏಳುವ ಪ್ರಶ್ನೆ ಇದು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅದರ ಕೆಲಸ ಮುಗಿಯಿತು. ಒಡೆಯಲು ಮನಸ್ಸು ಬಾರದು, ಹೊಸ ಮನೆಯಲ್ಲಿ ಜಾಗವಿರದು. ಕೊನೆಗೆ ನಾಲ್ಕು ಜನ ಸೇರಿ ಉರುಳಿಸಿಕೊಂಡು ಹೋಗಿ ಬೀದಿ ಬದಿಗೆ ಬಿಡುತ್ತಾರೆ.

ಬೆಂಗಳೂರಿನಲ್ಲಿ ಹೀಗೆ ಬೀದಿಗೆ ಬಿದ್ದಿದ್ದ 170 ಕಲ್ಲುಗಳನ್ನು ಒಟ್ಟುಮಾಡಿ, ಕೊಚ್ಚಿಗೆ ಸಾಗಿಸಿ, 2012ರಲ್ಲಿ ಕಲಾಕೃತಿಯಾಗಿ ಜನರ ಮುಂದಿಟ್ಟವರು ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಟ್ಜರ್ಲೆಂಡಿನ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್. ಕೃತಿಯ ಹೆಸರು ‘ಸ್ಟಾಪ್‌ಓವರ್’, ಅಂದರೆ ಪ್ರಯಾಣದ ನಡುವಿನ ತಂಗುದಾಣ.

ಇದೆಂಥ ಕಲೆ ಎಂದು ಯಾರಾದರೂ ಕೇಳಿದರೆ ತಪ್ಪೇನಲ್ಲ. ಇಂಥದ್ದಕ್ಕೆ ಇನ್‌ಸ್ಟಾಲೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ. ಪ್ರತಿಷ್ಠಾಪನೆ ಎಂದೊಡನೆ ನಮಗೆ ಗುಡಿ ನೆನಪಾಗುತ್ತದೆ. ಹೋಲಿಕೆ ಅಷ್ಟೇನೂ ದೂರದ್ದಲ್ಲ. ಶಿಲ್ಪಿಯ ಅಂಗಳದಲ್ಲಿರುವಾಗ ವಿಗ್ರಹ ಬರೀ ಕಲ್ಲು. ಗರ್ಭಗುಡಿಯಲ್ಲಿ ಕೂತ ಮೇಲೆ ಅದರ ಮಾತೇ ಬೇರೆ. ಇಲ್ಲಿಯೂ ವಸ್ತುವಿನಷ್ಟೇ ಅದನ್ನಿಟ್ಟ ಜಾಗವೂ ಮುಖ್ಯ.

ಕೊಚ್ಚಿಯ ಆ ಜಾಗ ಆಸ್ಪಿನ್‌ವಾಲ್ ಹೌಸ್. ಇಂಗ್ಲಿಷ್ ವರ್ತಕ ಜಾನ್ ಎಚ್. ಆಸ್ಪಿನ್‌ವಾಲ್ 1867ರಲ್ಲಿ ಆರಂಭಿಸಿದ ಕಂಪನಿಯ ನೆಲೆ. ನೀರಿನ ದಡದಲ್ಲೇ ಬಂಗಲೆ, ಕಚೇರಿ, ಗೋದಾಮುಗಳು. ತೆಂಗಿನೆಣ್ಣೆ, ಮೆಣಸು, ಶುಂಠಿ, ಅರಿಶಿನದ ವ್ಯಾಪಾರ. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಹುಟ್ಟುಹಾಕಿದ ಕೊಚ್ಚಿ-ಮುಜಿರಿಸ್ ಬಿನಾಲೆ 12-12-2012ರಂದು ಆರಂಭವಾದಾಗ ಈ ಕಟ್ಟಡವೇ ಅದರ ಮುಖ್ಯ ತಾಣವಾಯಿತು.

ಈಗ ಕಲ್ಲುಗಳತ್ತ ಮತ್ತೊಮ್ಮೆ ನೋಡಬೇಕು. ಮೆಣಸು, ಅರಿಶಿನದ ಮೂಟೆಗಳು ಹಡಗಿಗಾಗಿ ಕಾದಿದ್ದ ಆವರಣಕ್ಕೆ ಅವನ್ನೇ ಅರೆಯುತ್ತಿದ್ದ ಕಲ್ಲುಗಳು ಬಂದು ಕೂತಿವೆ. ಒಂದು ಕಡೆ ಕಂಪನಿಯ ಲೆಕ್ಕಪುಸ್ತಕ, ಇನ್ನೊಂದು ಕಡೆ ಹೆಂಗಸರ ರಟ್ಟೆಯ ದುಡಿಮೆ. ಲೆಕ್ಕಕ್ಕೆ ಸಿಗದೆ ಉಳಿದದ್ದು ಎರಡನೆಯದು. ಕೃತಿಯ ಜೀವ ಇರುವುದು ಅಲ್ಲಿ.

ಇಂಗ್ಲೆಂಡಿನಲ್ಲಿ ಜಮೀನ್ದಾರರ ಹಳ್ಳಿಮನೆಗಳಲ್ಲೂ ಇಂಥ ಪ್ರದರ್ಶನಗಳು ನಡೆಯುತ್ತವೆ. 2024ರಲ್ಲಿ ನಾರ್ಫೋಕ್‌ನ ಹೌಟನ್ ಹಾಲ್‌ನಲ್ಲಿ ಆಂಟನಿ ಗೋರ್ಮ್ಲಿ 100 ಕಬ್ಬಿಣದ ಆಕೃತಿಗಳನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿದರು. ನೆಲ ಏರಿದ ಕಡೆ ಆಕೃತಿ ಮಣ್ಣಲ್ಲಿ ಹೂತಿತ್ತು, ಇಳಿದ ಕಡೆ ಕಂಬದ ಮೇಲಿತ್ತು. ಆದರೆ ಇಂಥವೆಲ್ಲ ಗೆಲ್ಲುವುದಿಲ್ಲ. ಗಾರೆ ಉದುರಿದ ಗೋಡೆಯ ಮುಂದೆ ಏನಿಟ್ಟರೂ ಫೋಟೋದಲ್ಲಿ ಚೆಂದವೇ ಕಾಣುತ್ತದೆ! ಕೃತಿಯನ್ನು ಬೇರೆ ಮನೆಗೆ ಒಯ್ದರೆ ಏನಾದರೂ ಕಳೆದುಹೋಗುತ್ತದೆಯೇ ಎಂದು ಕೇಳಿಕೊಂಡರೆ ಸಾಕು, ಗಟ್ಟಿ ಯಾವುದು ಜೊಳ್ಳು ಯಾವುದು ತಿಳಿಯುತ್ತದೆ.

ಜಾಗ ಬದಲಾದರೆ ಏನಾಗುತ್ತದೆ ಎಂಬುದು ಮಡಕಶಿರಾ ಸೀಮೆಗೆ ಗೊತ್ತಿರದ ಸಂಗತಿಯಲ್ಲ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಈ ಭಾಗದ ಹೇಮಾವತಿ, ಅಂದರೆ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಕೆತ್ತನೆಯ ಕಂಬಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. ಅಲ್ಲಿ ಅವು ಸುರಕ್ಷಿತ, ನಿಜ. ಆದರೆ ಅವು ಹೊತ್ತಿದ್ದ ಮಂಟಪ ಅಲ್ಲಿಲ್ಲ.

ಗಡಿ ಭಾಗದ ಹಳೇ ಮನೆಗಳಿಗೂ ಈಗ ಅದೇ ಹೊತ್ತು. ಕೆತ್ತನೆಯ ಬಾಗಿಲು, ತೊಲೆ, ಕಂಬಗಳು ಬೆಲೆ ಬಂದರೆ ಮಾರಾಟವಾಗುತ್ತವೆ. ಒರಳುಕಲ್ಲಿಗೆ ಗಿರಾಕಿಯೇ ಇಲ್ಲ. ಮನೆಗೆ ಹೊಸ ಕೆಲಸ ಸಿಕ್ಕಿದರೆ ಮಾತ್ರ ಅದು ನಿಲ್ಲುತ್ತದೆ. ಗಣಿ ಮಾಲೀಕ ಮಾಣಿಕ್ಯವೇಲು ಮೊದಲಿಯಾರ್ ಅವರಿದ್ದ ಬೆಂಗಳೂರು ಅರಮನೆ ರಸ್ತೆಯ ಬಂಗಲೆ ಉಳಿದದ್ದು ಹಾಗೆಯೇ. 2009ರ ಫೆಬ್ರವರಿ 18ರಂದು ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಬಾಗಿಲು ತೆರೆಯಿತು. ಕೊಚ್ಚಿ ದೂರವಾಯಿತು ಎನ್ನುವವರು ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅಲ್ಲಿಗೊಮ್ಮೆ ಹೋಗಿಬರಬಹುದು.