ಘಾಟಿ ರಸ್ತೆಯಲ್ಲಿ ಸ್ವಯಂಚಾಲಿತ ಗೇರು: ತಂತ್ರಾಂಶ ಬದಲಾದಾಗ ಕಾರಿನ ನಡೆ ಬದಲಾಗುವುದೇಕೆ?

ಬೇಸಗೆ ರಜೆ, ಚೌತಿ, ದಸರಾ, ಮದುವೆ-ಮುಂಜಿಗಳ ನಿಮಿತ್ತ ಮುಂಬಯಿ, ಪುಣೆಗಳಿಂದ ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುವ ಪರಿಪಾಠ ನಮ್ಮವರಲ್ಲಿ ಬಹುಕಾಲದಿಂದ ಇದೆ. ಮುಂಬಯಿಯಿಂದ ಪುಣೆ, ಕೊಲ್ಹಾಪುರಗಳ ಮಾರ್ಗವಾಗಿ ಸಾಗುವವರಿಗೆ ಖಂಡಾಳ ಮತ್ತು ಖಂಬಾಟ್ಕಿ ಘಾಟಿಗಳು ಎದುರಾಗುತ್ತವೆ. ಘಟ್ಟದ ಮೇಲಿನಿಂದ ಉಡುಪಿ, ಮಂಗಳೂರುಗಳ ಕಡೆಗೆ ಇಳಿಯಬೇಕಾದವರಿಗೆ ಆಗುಂಬೆಯೋ ಚಾರ್ಮಾಡಿಯೋ ಶಿರಾಡಿಯೋ, ಒಂದಲ್ಲ ಒಂದು ಘಾಟಿ ತಪ್ಪಿದ್ದಲ್ಲ.

ಈ ಪ್ರಯಾಣಿಕರಲ್ಲಿ ಸ್ವಯಂಚಾಲಿತ ಗೇರಿನ ಕಾರುಗಳನ್ನು ಹೊಂದಿದವರು ಇಂದು ಹೆಚ್ಚುತ್ತಿದ್ದಾರೆ. ಮಹಾನಗರದ ವಾಹನದಟ್ಟಣೆಯಲ್ಲಿ ಕ್ಲಚ್ ಒತ್ತಿ ಒತ್ತಿ ದಣಿದ ಎಡಗಾಲಿಗೆ ಅದರಿಂದ ವಿರಾಮ ದೊರೆತಿದೆ. 2014ರಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಸೆಲೆರಿಯೊ ಕಾರಿನೊಂದಿಗೆ ಎ.ಎಂ.ಟಿ. ಎಂಬ ಅಗ್ಗದ ವ್ಯವಸ್ಥೆಯನ್ನು ಪರಿಚಯಿಸಿದ ಬಳಿಕ ಈ ಸೌಲಭ್ಯ ಮಧ್ಯಮ ವರ್ಗದವರ ಕೈಗೂ ಎಟುಕಿತು.

ಆದರೆ ಇದರೊಂದಿಗೆ ಹೊಸದೊಂದು ಗೊಂದಲವೂ ಬಂದಿದೆ. ಸರ್ವಿಸ್ ಸೆಂಟರಿನಲ್ಲಿ ಕಾರಿನ ತಂತ್ರಾಂಶವನ್ನು ನವೀಕರಿಸಿ ಕೊಡುತ್ತಾರೆ. ನಗರದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಘಾಟಿ ಏರತೊಡಗಿದೊಡನೆ ಕಾರು ಮೂರನೆಯ ಗೇರಿಗೆ ಹೋಗಲು ಒಪ್ಪದೆ ಎರಡರಲ್ಲೇ ಅಬ್ಬರಿಸುತ್ತದೆ. ಇಳಿಯುವಾಗ ಬ್ರೇಕು ಮುಟ್ಟಿದೊಡನೆ ತಾನಾಗಿ ಗೇರು ಇಳಿಸಿ ಎಂಜಿನ್ನಿನ ಸದ್ದು ಏರಿಸುತ್ತದೆ. ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ, ಮೊದಲು ಸರಾಗವಾಗಿ ಏರುತ್ತಿದ್ದ ಕಾರು ಮೇಲಿನ ಗೇರಿನಲ್ಲಿಯೇ ಏದುಸಿರು ಬಿಡುತ್ತದೆ. ಗೇರುಪೆಟ್ಟಿಗೆ ಕೆಟ್ಟಿತೆಂದು ಮಾಲೀಕರು ಗಾಬರಿಯಾಗುವುದು ಸಹಜ. ಇದು ದೋಷವೋ ಉದ್ದೇಶಪೂರ್ವಕ ಬದಲಾವಣೆಯೋ ಎಂಬುದನ್ನು ತಿಳಿಯಲು ಕಾರು ಗೇರನ್ನು ಹೇಗೆ ಆರಿಸುತ್ತದೆ ಎಂಬುದನ್ನು ಅರಿಯಬೇಕು.

ಏರನ್ನು ಕಾರು ಗುರುತಿಸುವ ಬಗೆ

ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಒಂದು ಎಲೆಕ್ಟ್ರಾನಿಕ್ ನಿಯಂತ್ರಕವಿರುತ್ತದೆ. ಅದರ ಸ್ಮರಣೆಯಲ್ಲಿ ಒಂದು ಕೋಷ್ಟಕವಿದೆ. ಇಷ್ಟು ವೇಗದಲ್ಲಿ, ಆಕ್ಸಿಲರೇಟರನ್ನು ಇಷ್ಟು ಒತ್ತಿದ್ದರೆ ಇಂಥ ಗೇರು ಎಂಬುದು ಆ ಕೋಷ್ಟಕದ ಸಾರ. ಸಮತಟ್ಟಾದ ರಸ್ತೆಯಲ್ಲಿ ಇಷ್ಟು ಸಾಕು. ಏರುದಾರಿಯಲ್ಲಿ ಮಾತ್ರ ಇದು ಎಡವುತ್ತದೆ. ಕಾರು ವೇಗ ಪಡೆದೊಡನೆ ನಿಯಂತ್ರಕ ಮೇಲಿನ ಗೇರು ಹಾಕುತ್ತದೆ. ಆ ಗೇರಿನಲ್ಲಿ ಎಳೆಯುವ ಬಲ ಸಾಲದೆ ವೇಗ ಕುಸಿಯುತ್ತದೆ. ಮತ್ತೆ ಕೆಳಗಿನ ಗೇರು, ಮತ್ತೆ ವೇಗ, ಮತ್ತೆ ಮೇಲಿನ ಗೇರು. ಹೀಗೆ ಮೇಲೆ ಕೆಳಗೆ ಓಲಾಡುವುದು ಪ್ರಯಾಣಿಕರಿಗೂ ಯಂತ್ರಕ್ಕೂ ಹಿತವಲ್ಲ.

ಆದ್ದರಿಂದ ತಯಾರಕರು ಏರಿಳಿತಗಳಿಗೆಂದೇ ಪ್ರತ್ಯೇಕ ಲೆಕ್ಕಾಚಾರವನ್ನು ಅಳವಡಿಸುತ್ತಾರೆ. ಎಂಜಿನ್ ಈಗ ಎಷ್ಟು ಬಲ ನೀಡುತ್ತಿದೆ ಎಂಬುದು ನಿಯಂತ್ರಕಕ್ಕೆ ಗೊತ್ತು. ಅಷ್ಟು ಬಲಕ್ಕೆ ಸಮತಟ್ಟಾದ ರಸ್ತೆಯಲ್ಲಿ ಕಾರು ಎಷ್ಟು ಬೇಗ ವೇಗ ಪಡೆಯಬೇಕು ಎಂಬುದೂ ಗೊತ್ತು. ನಿಜವಾದ ವೇಗವೃದ್ಧಿ ಅದಕ್ಕಿಂತ ಕಡಿಮೆಯಿದ್ದರೆ ರಸ್ತೆ ಏರುತ್ತಿದೆಯೆಂದೂ, ಹೆಚ್ಚಿದ್ದರೆ ಇಳಿಯುತ್ತಿದೆಯೆಂದೂ ಅದು ಊಹಿಸುತ್ತದೆ. ಕೆಲವು ಕಾರುಗಳಲ್ಲಿ ಓರೆಯನ್ನು ಅಳೆಯುವ ಸಂವೇದಕವೂ ಇರುತ್ತದೆ. ಏರು ಎಂದು ತೀರ್ಮಾನವಾದೊಡನೆ ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದಿಡುವ ಕೋಷ್ಟಕಕ್ಕೆ ನಿಯಂತ್ರಕ ಬದಲಾಗುತ್ತದೆ. ಹೇರ್‌ಪಿನ್ ತಿರುವಿನ ಮುನ್ನ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಆಗ ಗೇರು ಮೇಲೇರುವುದಿಲ್ಲ. ತಿರುವು ದಾಟಿದೊಡನೆ ಬೇಕಾಗುವ ಬಲ ಸಿದ್ಧವಾಗಿರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಸಂವೇದಕವಿಲ್ಲದ ಕಾರಿಗೆ ಏರು ರಸ್ತೆಗೂ ಭಾರಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಐವರು ಕುಳಿತು, ಊರಿನಿಂದ ಅಕ್ಕಿಮೂಟೆ, ತೆಂಗಿನಕಾಯಿಗಳನ್ನು ಹೇರಿಕೊಂಡು ಬರುವ ಕಾರು ಚಿಕ್ಕ ಏರನ್ನೂ ದೊಡ್ಡ ಘಾಟಿಯೆಂದೇ ಭಾವಿಸಬಹುದು.

ಇಳಿಜಾರಿನ ಲೆಕ್ಕ

ಏರುವಾಗಿನ ತೊಂದರೆಯಿಂದ ಹೆಚ್ಚೆಂದರೆ ಪ್ರಯಾಣ ನಿಧಾನವಾದೀತು. ಇಳಿಯುವಾಗಿನ ತೊಂದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಪ್ರಯಾಣಿಕರೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 73 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು ಸುಮಾರು 23 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ. ಗಾಳಿಯ ಮತ್ತು ಚಕ್ರಗಳ ಪ್ರತಿರೋಧ ಇದರಲ್ಲಿ ಒಂದು ಪಾಲನ್ನು ಮಾತ್ರ ಹೀರುತ್ತದೆ. ಉಳಿದುದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕುಗಳು ನುಂಗಬೇಕು.

ಕೆಳಗಿನ ಗೇರಿನಲ್ಲಿದ್ದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುವುದರಿಂದ ಕಾರು ತಾನಾಗಿ ತಡೆಯಲ್ಪಡುತ್ತದೆ. ಮೇಲಿನ ಗೇರಿನಲ್ಲಿ ಈ ತಡೆ ಅಲ್ಪ. ನ್ಯೂಟ್ರಲ್‌ನಲ್ಲಿ ಇಲ್ಲವೇ ಇಲ್ಲ. ಆಗ ಸಂಪೂರ್ಣ ಹೊರೆ ಬ್ರೇಕುಗಳ ಮೇಲೆ ಬಿದ್ದು, ಪ್ಯಾಡುಗಳು ಕಾದು ಹಿಡಿತ ಸಡಿಲವಾಗುತ್ತದೆ. ಬ್ರೇಕಿನ ದ್ರವ ತೇವಾಂಶವನ್ನು ಹೀರಿ ಹಳೆಯದಾಗಿದ್ದರೆ ಅದು ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಪೆಡಲು ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಇಳಿಯುವ ವಾಹನಗಳ ಬ್ರೇಕು ಕೈಕೊಟ್ಟು ಸಂಭವಿಸಿದ ಅಪಘಾತಗಳಿಂದ ಆ ದಾರಿ ಕುಖ್ಯಾತವಾಗಿದೆ.

ಚಾಲಕ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಗೇರು ತಾನಾಗಿ ಇಳಿಯುವುದು ಈ ಕಾರಣಕ್ಕೆ. ಎಂಜಿನ್ನಿನ ಸದ್ದು ಏರಿದ್ದನ್ನು ಕೇಳಿ ಅಂಜಬೇಕಿಲ್ಲ. ಕಾಲು ತೆಗೆದಿರುವಾಗ ಆಧುನಿಕ ಎಂಜಿನ್ನುಗಳಲ್ಲಿ ಇಂಧನ ಪೂರೈಕೆ ಬಹುಮಟ್ಟಿಗೆ ನಿಂತಿರುತ್ತದೆ. ಆದ್ದರಿಂದ ಆ ಸದ್ದಿನಲ್ಲಿ ಪೆಟ್ರೋಲು ವ್ಯರ್ಥವಾಗುತ್ತಿದೆಯೆಂಬ ಭಾವನೆಯೂ ಸರಿಯಲ್ಲ.

ನವೀಕರಣದಿಂದ ಬದಲಾಗುವುದೇನು?

ತಂತ್ರಾಂಶದ ನವೀಕರಣದಿಂದ ಎರಡು ಸಂಗತಿಗಳು ಬದಲಾಗಬಹುದು. ಮೊದಲನೆಯದು, ಮೇಲೆ ಹೇಳಿದ ಕೋಷ್ಟಕ ಮತ್ತು ಏರಿಳಿತದ ಲೆಕ್ಕಾಚಾರ. ಇಂಧನ ಉಳಿತಾಯ ಅಥವಾ ಹೊಗೆಯ ಪ್ರಮಾಣವನ್ನು ಲಕ್ಷ್ಯದಲ್ಲಿಟ್ಟು ಕೋಷ್ಟಕವನ್ನು ತಿದ್ದಿದ್ದರೆ ಮೇಲಿನ ಗೇರು ಬೇಗ ಬೀಳುತ್ತದೆ. ಏರಿನಲ್ಲಿ ಕಾರು ಮಂದವೆನಿಸುತ್ತದೆ. ಕ್ಲಚ್ ಕಾಯುವುದನ್ನು ತಡೆಯಲೆಂದು ತಿದ್ದಿದ್ದರೆ ಕೆಳಗಿನ ಗೇರು ಹೆಚ್ಚು ಹೊತ್ತು ನಿಲ್ಲುತ್ತದೆ, ಸದ್ದು ಹೆಚ್ಚುತ್ತದೆ. ಒಂದು ತಿರುಪನ್ನೂ ಮುಟ್ಟದೆ ವಾಹನದ ನಡೆಯನ್ನು ಇಷ್ಟು ಬದಲಿಸಬಹುದೇ ಎಂದು ಸಂದೇಹಪಡುವವರಿಗೆ ಒಂದು ನಿದರ್ಶನವಿದೆ. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯು ಟೆಸ್ಲಾ ಮಾಡೆಲ್ 3 ಕಾರು ನಿಲ್ಲಲು ಹೆಚ್ಚು ದೂರ ಬೇಕೆಂದು ಆಕ್ಷೇಪಿಸಿತು. ಕೆಲವೇ ದಿನಗಳಲ್ಲಿ ಸಂಸ್ಥೆ ದೂರದಿಂದಲೇ ತಂತ್ರಾಂಶವನ್ನು ತಿದ್ದಿ ಕಳುಹಿಸಿತು. ಮರುಪರೀಕ್ಷೆಯಲ್ಲಿ ಆ ದೂರ ಸುಮಾರು 19 ಅಡಿಗಳಷ್ಟು ಕಡಿಮೆಯಾಗಿತ್ತು.

ಎರಡನೆಯದು, ಗೇರುಪೆಟ್ಟಿಗೆ ತಾನಾಗಿ ಕಲಿತುಕೊಂಡ ಪಾಠ. ಕ್ಲಚ್ ಸವೆದಂತೆಲ್ಲ ಅದು ಹಿಡಿಯುವ ಬಿಂದು ಸರಿಯುತ್ತದೆ. ಎಣ್ಣೆಯ ಒತ್ತಡ ಎಷ್ಟಿರಬೇಕು, ಗೇರು ಬದಲಾಗಲು ಎಷ್ಟು ಕಾಲ ಬೇಕು ಎಂಬುದು ಪ್ರತಿಯೊಂದು ಕಾರಿಗೂ ತುಸು ಬೇರೆ. ನಿಯಂತ್ರಕ ಇದನ್ನೆಲ್ಲ ಓಡುತ್ತ ಓಡುತ್ತ ಗಮನಿಸಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಹೊಸ ತಂತ್ರಾಂಶ ತುಂಬಿದಾಗ ಈ ನೆನಪು ಅನೇಕ ವೇಳೆ ಅಳಿಸಿಹೋಗುತ್ತದೆ. ಮತ್ತೆ ಕಲಿಯುವ ತನಕ ಗೇರು ಬದಲಾವಣೆ ತಡವಾಗಬಹುದು, ಕುಲುಕಬಹುದು. ಕೆಲವು ಕಾರುಗಳಲ್ಲಿ ಸರ್ವಿಸ್ ಸೆಂಟರಿನಲ್ಲಿಯೇ ಈ ಕಲಿಕೆಯನ್ನು ಉಪಕರಣದ ಮೂಲಕ ಮಾಡಿಸಲು ಸಾಧ್ಯ. ಅದನ್ನು ಮಾಡದೆ ಕಾರನ್ನು ಒಪ್ಪಿಸಿದರೆ ಕಲಿಕೆಯೆಲ್ಲ ರಸ್ತೆಯ ಮೇಲೆ ನಡೆಯುತ್ತದೆ. ಆ ರಸ್ತೆ ಆಗುಂಬೆಯ 14 ತಿರುವುಗಳೇ ಆದರೆ ಚಾಲಕನ ಪಾಡು ಹೇಳತೀರದು.

ಪೆಟ್ಟಿಗೆಗೆ ತಕ್ಕ ಗುಣ

ಎಲ್ಲ ಸ್ವಯಂಚಾಲಿತ ಪೆಟ್ಟಿಗೆಗಳೂ ಒಂದೇ ಅಲ್ಲ. ಎ.ಎಂ.ಟಿ.ಯಲ್ಲಿರುವುದು ಸಾಮಾನ್ಯ ಗೇರುಪೆಟ್ಟಿಗೆಯೇ; ಕ್ಲಚ್ ಮತ್ತು ಗೇರುಗಳನ್ನು ಕೈಕಾಲಿನ ಬದಲು ಯಂತ್ರ ಚಲಿಸುತ್ತದೆ. ಗೇರು ಬದಲಾಗುವ ಕ್ಷಣದಲ್ಲಿ ಎಳೆಯುವ ಬಲ ಪೂರ್ತಿ ಕಡಿದುಹೋಗುವುದರಿಂದ ಕಡಿದಾದ ಏರಿನಲ್ಲಿ ಕಾರು ತಟ್ಟನೆ ಹಿಂಜರಿದಂತಾಗುತ್ತದೆ. ಲಾರಿಯನ್ನು ಹಿಂದಿಕ್ಕುವಾಗ ಇದು ಅಪಾಯಕರ.

ಟಾರ್ಕ್ ಕನ್ವರ್ಟರ್ ಇರುವ ಪೆಟ್ಟಿಗೆಯಲ್ಲಿ ಬಲ ಎಣ್ಣೆಯ ಮೂಲಕ ಹರಿಯುತ್ತದೆ. ಏರಿನಲ್ಲಿ ಇದು ಸೌಮ್ಯ ಮತ್ತು ಸಮರ್ಥ. ದೀರ್ಘಕಾಲ ತೆವಳಿದರೆ ಮಾತ್ರ ಎಣ್ಣೆ ಕಾಯುತ್ತದೆ. ಎರಡು ಕ್ಲಚ್‌ಗಳ ಡಿ.ಸಿ.ಟಿ.ಯಲ್ಲಿ ಗೇರು ಅತಿ ಶೀಘ್ರವಾಗಿ ಬದಲಾಗುತ್ತದೆ. ಆದರೆ ಎಣ್ಣೆಯಿಲ್ಲದ ಒಣ ಕ್ಲಚ್ ಇರುವ ಬಗೆಯಲ್ಲಿ, ಏರಿನ ಮೇಲೆ ಸಾಲುಗಟ್ಟಿದ ವಾಹನಗಳ ನಡುವೆ ಇಂಚಿಂಚಾಗಿ ಸಾಗಿದರೆ ಕ್ಲಚ್ ಬೇಗನೆ ಬಿಸಿಯಾಗಿ ಎಚ್ಚರಿಕೆಯ ಸಂದೇಶ ಬರುತ್ತದೆ. ಸಿ.ವಿ.ಟಿ.ಯಲ್ಲಿ ಗೇರುಗಳ ಮೆಟ್ಟಿಲುಗಳೇ ಇಲ್ಲ. ಪುಲ್ಲಿಗಳ ನಡುವೆ ಪಟ್ಟಿಯೊಂದು ಸರಿದಾಡುತ್ತದೆ. ಏರಿನಲ್ಲಿ ಎಂಜಿನ್ ಒಂದೇ ಶ್ರುತಿಯಲ್ಲಿ ಕೂಗುವುದು ಅದರ ಸ್ವಭಾವ.

ತಂತ್ರಾಂಶದಿಂದ ಎಲ್ಲವೂ ಸರಿಹೋಗುವುದೆಂಬ ನಂಬಿಕೆಗೂ ಮಿತಿಯಿದೆ. ಅಮೆರಿಕದಲ್ಲಿ ಫೋರ್ಡ್ ಸಂಸ್ಥೆಯ ಫಿಯೆಸ್ಟಾ ಮತ್ತು ಫೋಕಸ್ ಕಾರುಗಳ ಒಣ ಕ್ಲಚ್ ಪೆಟ್ಟಿಗೆ ನಡುಗುತ್ತದೆಂಬ ದೂರುಗಳು 2011ರ ಬಳಿಕ ಹೆಚ್ಚಿದವು. ತಂತ್ರಾಂಶವನ್ನು ಮತ್ತೆ ಮತ್ತೆ ಬದಲಿಸಲಾಯಿತು, ಕ್ಲಚ್‌ಗಳನ್ನೂ ಬದಲಿಸಬೇಕಾಯಿತು, ಖಾತರಿಯ ಅವಧಿಯನ್ನು ವಿಸ್ತರಿಸಬೇಕಾಯಿತು. ಮಾಲೀಕರ ಸಾಮೂಹಿಕ ದಾವೆಯ ರಾಜಿ ಒಪ್ಪಂದಕ್ಕೆ ನ್ಯಾಯಾಲಯದ ಅಂತಿಮ ಒಪ್ಪಿಗೆ ದೊರೆತದ್ದು 2020ರಲ್ಲಿ.

ಮಾಲೀಕರು ಮಾಡಬೇಕಾದುದು

ನವೀಕರಣಕ್ಕೆ ಒಪ್ಪುವ ಮುನ್ನ ಅದರಿಂದ ಏನು ಬದಲಾಗುತ್ತದೆಂದು ಕೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ರೂಪುಗೊಂಡು 2021ರ ಜನವರಿಯಲ್ಲಿ ಜಾರಿಗೆ ಬಂದ 156ನೆಯ ವಾಹನ ನಿಯಮವು ದೂರದಿಂದ ಕಳುಹಿಸುವ ನವೀಕರಣದ ಉದ್ದೇಶವನ್ನೂ ಅದರಿಂದಾಗುವ ಬದಲಾವಣೆಗಳನ್ನೂ ಬಳಕೆದಾರರಿಗೆ ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ಅದು ಎಲ್ಲ ದೇಶಗಳಿಗೂ ಅನ್ವಯಿಸದಿದ್ದರೂ, ಕೇಳಿ ತಿಳಿಯುವ ಹಕ್ಕು ಗ್ರಾಹಕನಿಗೆ ಎಲ್ಲೆಡೆಯೂ ಇದೆ.

ಊರಿಗೆ ಹೊರಡುವ ಹಿಂದಿನ ದಿನ ನವೀಕರಣ ಮಾಡಿಸಬಾರದು. ಎರಡು ಮೂರು ವಾರ ಮುಂಚಿತವಾಗಿ ಮಾಡಿಸಿ, ನಗರದಲ್ಲಿಯೂ ಹೆದ್ದಾರಿಯಲ್ಲಿಯೂ ಓಡಿಸಿ, ಸಮೀಪದ ಚಿಕ್ಕ ಏರೊಂದರಲ್ಲಿ ಪರೀಕ್ಷಿಸುವುದು ಲೇಸು.

ಘಾಟಿ ಇಳಿಯುವಾಗ ಗೇರಿನ ಆಯ್ಕೆಯನ್ನು ತಂತ್ರಾಂಶಕ್ಕೆ ಪೂರ್ತಿ ಒಪ್ಪಿಸಬಾರದು. ಇಳಿಜಾರು ಆರಂಭವಾಗುವ ಮುನ್ನವೇ ವೇಗ ತಗ್ಗಿಸಿ ಮ್ಯಾನ್ಯುಯಲ್ ಕ್ರಮಕ್ಕೆ ಅಥವಾ 'ಎಲ್' ಸ್ಥಾನಕ್ಕೆ ಬದಲಿಸಿ ಕೆಳಗಿನ ಗೇರು ಹಿಡಿಯಬೇಕು. ವೇಗ ಮಿತಿಮೀರಿದ ಮೇಲೆ ಕೆಳಗಿನ ಗೇರು ಕೇಳಿದರೆ, ಎಂಜಿನ್ನಿನ ರಕ್ಷಣೆಗಾಗಿ ನಿಯಂತ್ರಕ ಅದನ್ನು ನಿರಾಕರಿಸಬಹುದು. ಕ್ರೂಸ್ ಕಂಟ್ರೋಲ್ ಬಳಸಬಾರದು. ಏರಿನಲ್ಲಿ ನಿಂತಾಗ ಆಕ್ಸಿಲರೇಟರನ್ನು ಅರೆಬರೆ ಒತ್ತಿ ಕಾರನ್ನು ಹಿಡಿದಿಡದೆ ಬ್ರೇಕನ್ನೇ ಬಳಸಬೇಕು. ಹಿಂದೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ವ್ಯವಸ್ಥೆ ಕೆಲವೇ ಸೆಕೆಂಡುಗಳ ಸಹಾಯ. ಹೆಚ್ಚು ಹೊತ್ತು ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್ ಅಗತ್ಯ.

ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕವೂ ಕುಲುಕಾಟ ನಿಲ್ಲದಿದ್ದರೆ, ಎಚ್ಚರಿಕೆಯ ದೀಪ ಉರಿದರೆ, ಸುಟ್ಟ ವಾಸನೆ ಬಂದರೆ, ಎಂಜಿನ್ ಕೂಗಿದರೂ ಕಾರು ಮುಂದೆ ಸಾಗದಿದ್ದರೆ ಅದು ಕಲಿಕೆಯಲ್ಲ, ದೋಷ. ಅದನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ದಾಖಲಿಸಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಮಾಲೀಕರ ದೂರುಗಳೂ ಅದಕ್ಕೆ ಒಂದು ಆಧಾರ.

ಗೇರು ಬದಲಿಸುವ ಶ್ರಮವನ್ನು ಯಂತ್ರ ವಹಿಸಿಕೊಂಡಿದೆ ನಿಜ. ಮುಂದಿನ ತಿರುವನ್ನು ಕಾಣುವ ಕಣ್ಣು ಮಾತ್ರ ಇನ್ನೂ ಚಾಲಕನದೇ. ಊರಿನ ಹಾದಿ ಹಿಡಿಯುವ ನಮ್ಮ ಬಂಧುಗಳು ತಮ್ಮ ಕಾರಿನ ಕೈಪಿಡಿಯಲ್ಲಿ ಘಾಟಿ ಚಾಲನೆಯ ಪುಟಗಳನ್ನು ಹೊರಡುವ ಮುನ್ನ ಒಮ್ಮೆ ಓದಿಕೊಂಡರೆ ಎಲ್ಲರ ಪ್ರಯಾಣವೂ ಸುಖಕರವಾದೀತು.