ಕರೆಯದೆ ಬಂದ ಶಂಬೂಕಗಳು

ನಡುಮನೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ, ಅದರೊಳಗೆ ಮರಳು ಹಾಸಿ, ವ್ಯಾಲಿಸ್ನೇರಿಯ ಹೈಡ್ರಿಲ್ಲಗಳಂತಹ ಜಲಸಸ್ಯಗಳನ್ನು ನೆಟ್ಟು, ನಾಲ್ಕಾರು ಮೀನುಗಳನ್ನು ಬಿಟ್ಟು, ಆ ಹಸುರಿನ ನಡುವೆ ಅವು ಸುಳಿದಾಡುವುದನ್ನು ನೋಡುತ್ತ ಸಂಜೆಗಳನ್ನು ಕಳೆಯುವವರಿಗೆಲ್ಲ ಒಂದಲ್ಲ ಒಂದು ದಿನ ಒದಗುವ ವಿಸ್ಮಯವೊಂದುಂಟು. ತಾವು ಕೊಂಡು ತಾರದ, ಯಾರೂ ಕೊಡದ, ಸಾಸಿವೆ ಕಾಳಿನಷ್ಟಿರುವ ಬಸವನಹುಳುವೊಂದು ಗಾಜಿನ ಒಳಮೈಗೆ ಅಂಟಿಕೊಂಡು ಸಾವಧಾನವಾಗಿ ಮೇಲೇರುತ್ತಿರುವುದು. ನನ್ನ ತೊಟ್ಟಿಯಲ್ಲಿ ಅದು ಕಂಡದ್ದು ಗಿಡ ನೆಟ್ಟ ಮೂರನೆಯ ವಾರದಲ್ಲಿ. ಮರುವಾರ ಎಣಿಸಿದಾಗ 17 ಇದ್ದುವು. ಆ ಬಳಿಕ ಎಣಿಸುವುದನ್ನೇ ಬಿಟ್ಟೆ.

ಪ್ರಾಚೀನರ ವಿಂಗಡಣೆಯಲ್ಲಿ ಸ್ವೇದಜವೆಂಬ ವರ್ಗವೊಂದುಂಟಷ್ಟೆ. ಮನೆಗೆ ಬಂದಿದ್ದ ಹಿರಿಯರೊಬ್ಬರು ತೊಟ್ಟಿಯತ್ತ ಬಾಗಿ ನೋಡಿ, ಇವೂ ತೇವದಿಂದ ತಾವಾಗಿ ಹುಟ್ಟಿದ ಆ ವರ್ಗದವೇ ಎಂದು ತೀರ್ಪು ಕೊಟ್ಟರು. ಹಾಗೆ ತೋರುವುದು ಸಹಜ. ಆದರೆ ಇವುಗಳಲ್ಲಿ ಬಹುಪಾಲು ಅಂಡಜಗಳು. ಅಂಗಡಿಯಿಂದ ತಂದ ಗಿಡದ ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿದರೆ, ಬೆರಳಿಗೆ ಲೋಳೆಯಂತೆ ಹತ್ತುವ ಪಾರದರ್ಶಕವಾದ ಮುದ್ದೆಯೊಂದು, ಅದರೊಳಗೆ ಸಬ್ಬಕ್ಕಿಯ ಚೂರುಗಳಂತಹ ಬಿಂದುಗಳು ಕಾಣುವುವು. ಬೆಚ್ಚನೆಯ ನೀರಿನಲ್ಲಿ ಒಂದೆರಡು ವಾರಗಳೊಳಗೆ ಅವು ಒಡೆದು ಮರಿಗಳಾಗುತ್ತವೆ.

ಹೀಗೆ ಬರುವ ಅತಿಥಿಗಳಲ್ಲಿ ಮೂರು ಬಗೆಯವು ಸಾಮಾನ್ಯ. ಮೊದಲನೆಯದು ಫೈಸ. ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಆಗಿರುವ ಈ ಜೀವಿ, ಜೊತೆ ಸಿಕ್ಕದಿದ್ದರೆ ತಾನೊಂದೇ ವಂಶವನ್ನು ಬೆಳೆಸಬಲ್ಲುದು. ಶ್ವಾಸಕೋಶದಿಂದ ಉಸಿರಾಡುವುದಾದ್ದರಿಂದ ಆಗಾಗ ನೀರಿನ ಮೇಲಕ್ಕೆ ಬರುತ್ತದೆ. ಇದರ ಚಿಪ್ಪಿನ ಸುರುಳಿ ಬಹುತೇಕ ಶಂಬೂಕಗಳದಕ್ಕೆ ವಿರುದ್ಧವಾದ ದಿಕ್ಕಿನದು. ನಮ್ಮವರು ಅಪೂರ್ವವೆಂದು ಪೂಜಿಸುವ ಬಲಮುರಿ ಶಂಖದ ಸುರುಳಿಯೂ ಅದೇ ದಿಕ್ಕಿನದು. ಪಾಪ, ಇದಕ್ಕೆ ಮಾತ್ರ ಪೂಜೆಯಿಲ್ಲ! ಎರಡನೆಯದು ಚಪ್ಪಟೆಯಾಗಿ ಚಕ್ಕುಲಿಯಂತೆ ಸುತ್ತಿಕೊಂಡದ್ದು. ನಮ್ಮದರಂತೆಯೇ ಇದರ ರಕ್ತದಲ್ಲಿಯೂ ಹಿಮೋಗ್ಲೋಬಿನ್ ಉಂಟು. ನಮ್ಮ ಕೆರೆಕಟ್ಟೆಗಳಲ್ಲಿ ವಾಸಿಸುವ ಇದರ ಬಂಧು ಇಂಡೋಪ್ಲನಾರ್ಬಿಸ್, ದನಗಳ ಮೂಗಿಗೆ ತಗಲುವ ಗೊರಕೆ ರೋಗದ ಪರೋಪಜೀವಿಗೆ ನಡುವಣ ಆಶ್ರಯವಾಗಿ ಅಪಕೀರ್ತಿಯನ್ನು ಪಡೆದಿದೆ. ದನ ನೀರು ಕುಡಿಯದ ಗಾಜಿನ ತೊಟ್ಟಿಯಲ್ಲಿ ಆ ರೋಗಚಕ್ರ ಸಾಗದು. ಹಿರಿಯರ ವಿಂಗಡಣೆಯನ್ನೂ ನನ್ನ ತಿದ್ದುಪಡಿಯನ್ನೂ ಒಟ್ಟಿಗೆ ಕೆಡಿಸುವುದು ಮೂರನೆಯದಾದ ಮೆಲನಾಯ್ಡಿಸ್. ನೀಳವಾದ ತಿರುಪುಮೊಳೆಯಂತಿರುವ ಇದು ಮೊಟ್ಟೆಗಳನ್ನು ಒಡಲೊಳಗೇ ಇಟ್ಟುಕೊಂಡು ಚಿಪ್ಪು ಹೊತ್ತ ಮರಿಗಳನ್ನು ಈಯುತ್ತದೆ. ಅದಕ್ಕೆ ಗಂಡಿನ ಹಂಗೂ ಸಾಮಾನ್ಯವಾಗಿ ಇಲ್ಲ. ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ಇರುಳಿನಲ್ಲಿ ಮೇಲೇಳುವುದರಿಂದ, ನಡುರಾತ್ರಿಯಲ್ಲಿ ದೀಪ ಹಾಕಿದ ಯಜಮಾನನು ತನ್ನ ತೊಟ್ಟಿಯ ನಿಜವಾದ ಜನಸಂಖ್ಯೆಯನ್ನು ಕಂಡು ಬೆಚ್ಚುವುದುಂಟು.

ಇಂದು ಪೀಡೆಯೆನಿಸಿಕೊಂಡಿರುವ ಬಸವನಹುಳುಗಳನ್ನು ಒಂದು ಕಾಲದಲ್ಲಿ ಬೇಕೆಂದೇ ಆಹ್ವಾನಿಸಿದ್ದರೆಂಬುದು ನೆನೆಯತಕ್ಕ ಸಂಗತಿ. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ನನು ನೀರು ಬದಲಿಸದೆಯೇ ಮೀನುಗಳನ್ನು ಬದುಕಿಸಬಹುದೇ ಎಂದು ಪರೀಕ್ಷಿಸಲು ಎರಡು ಹೊಮ್ಮೀನುಗಳನ್ನೂ ಒಂದು ವ್ಯಾಲಿಸ್ನೇರಿಯ ಗಿಡವನ್ನೂ ಗಾಜಿನ ಪಾತ್ರೆಯಲ್ಲಿಟ್ಟನು. ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಆತನು ಕೊಳದ ಐದಾರು ಬಸವನಹುಳುಗಳನ್ನು ತಂದುಬಿಡಲು, ಅವು ಕೊಳೆತುದನ್ನು ತಿಂದು ನೀರನ್ನು ತಿಳಿಯಾಗಿಸಿದುವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದುವು. ಈ ಪ್ರಯೋಗವನ್ನು ಆತನು 1850ರಲ್ಲಿ ಅಲ್ಲಿಯ ರಸಾಯನ ಸಂಘದ ಮುಂದೆ ವಿವರಿಸಿದನು.

ಹಾಗಾದರೆ ನಮ್ಮ ತೊಟ್ಟಿಗಳಲ್ಲಿ ಅವು ಮಿತಿಮೀರುವುದೇಕೆ? ಉಣಿಸುವ ಕೈ ಮಿತಿಮೀರುವುದರಿಂದ. ಈ ಹುಳುಗಳು ಸಾಮಾನ್ಯವಾಗಿ ಆರೋಗ್ಯವಾದ ಎಲೆಯನ್ನು ಮುಟ್ಟುವುದಿಲ್ಲ. ಪಾಚಿ, ಕೊಳೆತ ಎಲೆ, ಮೀನು ತಿಂದುಳಿದ ಆಹಾರ ಇವೇ ಅವುಗಳ ಜೀವನೋಪಾಯ. ಮಕ್ಕಳೂ ಮುದುಕರೂ ನೆಂಟರೂ ಸರದಿಯ ಮೇಲೆ ಒಂದೊಂದು ಚಿಟಿಕೆ ಹಾಕುವ ನಮ್ಮ ಮನೆಯಂತಹ ಮನೆಗಳಲ್ಲಿ ಅವುಗಳಿಗೆ ನಿತ್ಯವೂ ಸಮಾರಾಧನೆ. ನಾನು ಆ ಧಾರಾಳವನ್ನು ದಿನಕ್ಕೊಂದು ಚಿಟಿಕೆಗೆ ಇಳಿಸಿ, ಇರುಳಿನಲ್ಲಿ ಸೌತೆಕಾಯಿಯ ಬಿಲ್ಲೆಯೊಂದನ್ನು ತಳಕ್ಕಿಳಿಬಿಟ್ಟು, ಬೆಳಗ್ಗೆ ಅದಕ್ಕೆ ಮುತ್ತಿಕೊಂಡಿದ್ದ ಹುಳುಗಳ ಸಮೇತ ಎತ್ತುತ್ತ ಬಂದೆ. ಎರಡು ತಿಂಗಳಲ್ಲಿ ಸಂಖ್ಯೆ ಕಣ್ಣಿಗೆ ಹಿತವಾಗುವಷ್ಟಕ್ಕೆ ಇಳಿಯಿತು.

ತಾಮ್ರದ ಔಷಧಿಯನ್ನು ಸುರಿಯುವವರೂ ಉಂಟು. ಅದು ಹುಳುವನ್ನು ಕೊಲ್ಲುವುದು ನಿಜ, ತೊಟ್ಟಿಯಲ್ಲಿ ಸೀಗಡಿಗಳಿದ್ದರೆ ಅವನ್ನೂ ಕೊಲ್ಲುವುದು. ನೂರಾರು ಹೆಣಗಳು ಒಮ್ಮೆಗೇ ಕೊಳೆತಾಗ ಹುಟ್ಟುವ ಅಮೋನಿಯ ಮೀನುಗಳಿಗೂ ಅಂತ್ಯವನ್ನು ತರಬಲ್ಲುದು. ಹುಳು ತಿನ್ನುವ ಮೀನನ್ನು ತನ್ನಿರೆಂದು ಸಲಹೆ ಕೊಡುವವರು ಹೇಳುವ ಮೀನುಗಳಲ್ಲೊಂದು, ಮೈತುಂಬ ಪಟ್ಟೆಗಳುಳ್ಳ ಬೋಟಿಯ ಸ್ಟ್ರಯೇಟ. ನಮ್ಮ ಪಶ್ಚಿಮಘಟ್ಟದ ಹೊಳೆಗಳ ಈ ಮೀನನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು 1920ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ಇಂದು ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಒಂದು ಚಿಟಿಕೆ ಉಣಿಸನ್ನು ಕಡಿಮೆ ಮಾಡಲಾರದೆ, ಹೊಳೆಯಿಂದ ಅಂತಹ ಮೀನನ್ನು ತರಿಸುವುದು ನನಗೆ ಉಚಿತವಾಗಿ ತೋರದು.

ಓದುಗರಲ್ಲಿ ಒಂದೇ ಬಿನ್ನಹ. ಎತ್ತಿದ ಹುಳುಗಳನ್ನೂ ಕತ್ತರಿಸಿದ ಗಿಡಗಳನ್ನೂ ಊರ ಕೆರೆಗಾಗಲಿ ಚರಂಡಿಗಾಗಲಿ ಎಸೆಯದಿರಿ. ಅಂಗಡಿಯ ಗಿಡದೊಡನೆ ಯಾವ ದೇಶದ ಹುಳು ಬಂದಿರುವುದೋ ಬಲ್ಲವರಾರು? ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹೂಗಿಡದ ಬುಡಕ್ಕೆ ಹಾಕಿರಿ.